ಪ್ರಾಧ್ಯಾಪಕರ ನೇಮಕ: ಅಂಕ ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯಾಯಿತೇ?

ನಂಬಿಕೆ: ಪಿಎಚ್‌.ಡಿ., ನೆಟ್ ಅರ್ಹತಾ ಪರೀಕ್ಷೆ, ಸಂಶೋಧನಾ ಪ್ರಬಂಧಗಳ ಅಂಕ ಕೂಡಿದರೆ ಹುದ್ದೆ ಯಾರಿಗೆಂದು ತಾನೇ ಗೊತ್ತಾಗುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಹಾಗೆ ಹೇಳುವುದಿಲ್ಲ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದರಲ್ಲಿ ಪಿಎಚ್‌.ಡಿ.ಗೆ 30, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಹಿತ ನೆಟ್‌ಗೆ 7, ಪ್ರಬಂಧಗಳಿಗೆ ತಲಾ 2ರಂತೆ ಹೆಚ್ಚೆಂದರೆ 10 ಅಂಕ. ಈ ಲೆಕ್ಕವೆಲ್ಲ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎಂಬುದಕ್ಕೆ ಮಾತ್ರ. ಆಯ್ಕೆ ನಡೆಯುವುದು ಸಂದರ್ಶನದಲ್ಲೇ. ಅದಕ್ಕೂ ಹಿಂದಿನ 2010ರ ನಿಯಮಾವಳಿಯಲ್ಲಾದರೆ ಸಂದರ್ಶನದ ತೂಕ ಶೇಕಡಾ 20 ಮಾತ್ರ ಇತ್ತು.

ನಂಬಿಕೆ: ಅನುಭವಸ್ಥರು ಹತ್ತು ನಿಮಿಷ ಮಾತಾಡಿಸಿದರೆ ಅಭ್ಯರ್ಥಿ ಎಂಥವರೆಂದು ತಿಳಿಯುತ್ತದೆ.

ಸಂಶೋಧಕ ಜೇಸನ್ ಡಾನಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಸಂದರ್ಶಿಸಿ, ಅವರ ಅಂಕಗಳನ್ನು ಊಹಿಸಬೇಕಿತ್ತು. ಉತ್ತರಿಸುವವರಲ್ಲಿ ಕೆಲವರು ಪ್ರಶ್ನೆ ಏನೇ ಇರಲಿ, ಗುಟ್ಟಿನ ನಿಯಮವೊಂದರಂತೆ ಯಾದೃಚ್ಛಿಕವಾಗಿ ‘ಹೌದು’, ‘ಇಲ್ಲ’ ಅನ್ನುತ್ತಿದ್ದರು. ಕೇಳುವವರಿಗೆ ಅದರ ಸುಳಿವೂ ಸಿಗಲಿಲ್ಲ. ಸಂದರ್ಶನವಿಲ್ಲದೆ ಹಳೆಯ ಅಂಕಗಳನ್ನಷ್ಟೇ ನೋಡಿ ಮಾಡಿದ ಊಹೆಯೇ ಹೆಚ್ಚು ಸರಿಯಾಗಿತ್ತು. ಅವರು ವಿದ್ಯಾರ್ಥಿಗಳು, ನಿಜ. ಆಯ್ಕೆ ಸಮಿತಿಯ ಹಿರಿಯರಿಗೆ ಹೀಗಾಗುವುದಿಲ್ಲ ಎನ್ನಲು ನನಗಂತೂ ಧೈರ್ಯವಿಲ್ಲ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಸದಸ್ಯರು ತಮ್ಮತಮ್ಮೊಳಗೆ ಚರ್ಚಿಸುವ ಮೊದಲೇ ಅಂಕ ಬರೆದಿಟ್ಟರೆ ಈ ಮೋಸ ಎಷ್ಟೋ ಕಡಿಮೆಯಾಗುತ್ತದೆ.

ನಂಬಿಕೆ: ಬೋಧನೆಗೆ ಹೆಚ್ಚು ತೂಕ ಎಂದು ನಿಗದಿ ಮಾಡಿದರೆ ಒಳ್ಳೆಯ ಮೇಷ್ಟ್ರೇ ಸಿಗುತ್ತಾರೆ.

ಹೀಗೆ ಅಂಕ ಹಾಕುವ ಪದ್ಧತಿಯನ್ನು ನಂಬುವವರೂ ಎಡವುವುದು ಇಲ್ಲಿ. ಬೋಧನೆಗೆ ಶೇಕಡಾ 60, ಸಂಶೋಧನೆಗೆ 40 ಎಂದಿಟ್ಟುಕೊಳ್ಳಿ. ಮಾದರಿ ತರಗತಿ ನೋಡಿದ ಸಮಿತಿ ಯಾರಿಗೂ ಬೇಜಾರಾಗದಿರಲಿ ಎಂದು ಎಲ್ಲರಿಗೂ ಹತ್ತಕ್ಕೆ 7 ಅಥವಾ 8 ಕೊಡುತ್ತದೆ. ಸಂಶೋಧನೆಯಲ್ಲಿ ಮಾತ್ರ ಅಂಕ 4ರಿಂದ 9ರವರೆಗೆ ಹರಡಿಕೊಂಡಿರುತ್ತದೆ. ಬೋಧನೆಯಲ್ಲಿ 8, ಸಂಶೋಧನೆಯಲ್ಲಿ 4 ಪಡೆದವರ ಮೊತ್ತ 6.4, 7 ಮತ್ತು 9 ಪಡೆದವರದು 7.8. ಕಾಗದದ ಮೇಲೆ ಬೋಧನೆಗೆ 60 ಇದ್ದರೂ ಹುದ್ದೆ ಕೊಡಿಸಿದ್ದು ಸಂಶೋಧನೆ. ಹೀಗಾಗಬಾರದೆಂದರೆ 3 ಎಂದರೇನು, 9 ಎಂದರೇನು ಎಂದು ಮೊದಲೇ ಬರೆದಿಡಬೇಕು: ಟಿಪ್ಪಣಿ ಓದಿ ಹೇಳಿದರೆ 3, ವಿದ್ಯಾರ್ಥಿಯ ತಪ್ಪು ಉತ್ತರವನ್ನೇ ಹಿಡಿದು, ಎಲ್ಲಿ ಜಾರಿದೆ ಎಂದು ಅವನ ಬಾಯಿಂದಲೇ ಹೇಳಿಸಿದರೆ 9. ಆಮೇಲೆ 3 ಕೊಡಬೇಕಾದಲ್ಲಿ 3 ಕೊಡುವ ಗಟ್ಟಿತನವೂ ಬೇಕು.

ನಂಬಿಕೆ: ಪದ್ಧತಿ ಬಂದರೆ ಹಿರಿಯರ ಅನಿಸಿಕೆಗೆ ಬೆಲೆಯಿಲ್ಲ.

1950ರ ದಶಕದಲ್ಲಿ ಇಸ್ರೇಲ್ ಸೇನೆಗಾಗಿ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಸಂದರ್ಶನ ಪದ್ಧತಿಯೊಂದನ್ನು ರೂಪಿಸಿದಾಗ, ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದರು. ಆರು ಗುಣಗಳಿಗೆ ಒಂದೊಂದಾಗಿ ಅಂಕ ಹಾಕಿ, ಕೊನೆಯಲ್ಲಿ ಕಣ್ಣು ಮುಚ್ಚಿ ಈ ಹುಡುಗನನ್ನು ಸೈನಿಕನಾಗಿ ಊಹಿಸಿಕೊಂಡು ಇನ್ನೊಂದು ಅಂಕ ಕೊಡಿ ಎಂದರು ಕಾನೆಮನ್. ಆ ಕೊನೆಯ ಅಂಕ ಆರರ ಮೊತ್ತದಷ್ಟೇ ಚೆನ್ನಾಗಿ ಭವಿಷ್ಯ ಹೇಳಿತು. ನಮ್ಮ ಸಮಿತಿಗಳ ನಮೂನೆಯಲ್ಲೂ ‘ಒಟ್ಟಾರೆ ಅಭಿಪ್ರಾಯ’ದ ಕಾಲಂ ಇರಲಿ, ಉಳಿದ ಕಾಲಂಗಳೆಲ್ಲ ತುಂಬಿ, ಸಹಿ ಬಿದ್ದ ಮೇಲೆ ಅದನ್ನು ತುಂಬಲಿ.