ಉಚಿತ ಪಂದ್ಯದ ಕಾನೂನು ಜಗ್ಗಾಟ

ಭಾರತದ ಏಕದಿನ ಪಂದ್ಯದ ದಿನ ಕವಿತಾಳದಂಥ ಊರಲ್ಲಿ ಮಾಳಿಗೆ ಮೇಲೆ ಡಿಡಿ ಫ್ರೀ ಡಿಶ್ ಛತ್ರಿ ಇದ್ದರೆ ದೂರದರ್ಶನ ತಿಂಗಳ ಬಾಡಿಗೆಯಿಲ್ಲದೆ ಆಟ ತೋರಿಸುತ್ತದೆ. ಪಕ್ಕದ ಮನೆಯ ಕೇಬಲ್‌ಗೆ ಬರುವ ದೂರದರ್ಶನದಲ್ಲಿ ಆ ಪಂದ್ಯ ಇರುವುದಿಲ್ಲ.

ಇದರ ಹಿಂದೆ ದೊಡ್ಡ ಕಾನೂನು ಸಮರವಿದೆ. 1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. 2004ರ ಪಾಕಿಸ್ತಾನ ಸರಣಿಯಲ್ಲಿ ಪ್ರಸಾರದ ಹಕ್ಕು ಟೆನ್ ಸ್ಪೋರ್ಟ್ಸ್ ವಾಹಿನಿಯ ಬಳಿಯಿತ್ತು. ಕೋರ್ಟ್ ಆದೇಶದಿಂದಲೇ ದೂರದರ್ಶನಕ್ಕೂ ಪಂದ್ಯ ಸಿಕ್ಕಿತು.

2007ರಲ್ಲಿ ಕಾಯ್ದೆಯೇ ಬಂತು. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಅಧಿಸೂಚಿಸಿದ ಪಂದ್ಯಗಳ ಸಿಗ್ನಲ್ಲನ್ನು, ಜಾಹೀರಾತಿಲ್ಲದೆ, ಹಕ್ಕು ಪಡೆದ ವಾಹಿನಿಗಳು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಟಿ.ವಿ. ಜಾಹೀರಾತಿನ ಆದಾಯ ಹಕ್ಕುದಾರರಿಗೆ ಕನಿಷ್ಠ 75, ಪ್ರಸಾರ ಭಾರತಿಗೆ 25ರ ಪ್ರಮಾಣದಲ್ಲಿ ಹಂಚಿಕೆ.

ಆದರೆ ದೂರದರ್ಶನದ ಮೂಲಕ ಪಂದ್ಯ ಕೇಬಲ್‌ಗೂ ಹರಿಯುತ್ತಿತ್ತು. ಕೋಟಿಗಟ್ಟಲೆ ಸುರಿದ ವಾಹಿನಿಗಳಿಗೆ ಇದು ನಷ್ಟ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಾಹಿನಿಗಳ ಮಾತು ಒಪ್ಪಿತು: ಹಂಚಿಕೊಂಡ ಸಿಗ್ನಲ್ ದೂರದರ್ಶನದ ಭೂಮಟ್ಟದ ಆಂಟೆನಾ ಪ್ರಸಾರ ಮತ್ತು ಫ್ರೀ ಡಿಶ್‌ಗೆ ಮಾತ್ರ.

ಹಣ ಹೂಡಿದವರ ಹಕ್ಕು ಉಳಿಯಿತು, ಸರಿ. ಆದರೆ ಕೇಬಲ್ ನಂಬಿದ ಕೂಲಿಕಾರರ ಮನೆಗೆ ಕ್ರೀಡಾ ವಾಹಿನಿಯ ಶುಲ್ಕ ಹೊರೆಯೇ. ದೇಶದ ತಂಡ ಆಡುವಾಗಲಾದರೂ ಆ ಮನೆಗಳಿಗೂ ಆಟ ತಲುಪುವಂತೆ ಸಂಸತ್ತು ಕಾಯ್ದೆಯನ್ನು ತಿದ್ದಬೇಕು.