ಗ್ಲೌಸ್ ಹಾಕಿದ್ರೂ ಕೈ ಕೆರೆತ ಯಾಕೆ? ಒಳಗಡೆ ತೊಳೆದಿದ್ದೀರಾ ನೋಡಿ

ಗ್ಲೌಸ್ ತೊಳೆಯೋದನ್ನೂ ಹೇಳಿಕೊಡಬೇಕಾ ಅಂತ ನಗಬೇಡಿ. ನಾನೂ ಹೀಗೇ ನಕ್ಕಿದ್ದೆ.

ಕನಕಪುರ ಕಡೆಯ ಪರಿಚಯದ ಹುಡುಗ ಒಬ್ಬನಿದ್ದಾನೆ. ಊರಲ್ಲಿ ಒಂದೆಕರೆ ಜಮೀನು. ವಾರಕ್ಕೆ ನಾಲ್ಕು ದಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಸುತ್ತ ತಾರಸಿ ತೋಟ ನೋಡಿಕೊಳ್ಳುತ್ತಾನೆ, ಖಾಲಿ ಸೈಟುಗಳ ಕಳೆ ಕೀಳುತ್ತಾನೆ. ಕಳೆದ ಮಳೆಗಾಲದಲ್ಲಿ ಅವನ ಎರಡೂ ಮಣಿಕಟ್ಟು ಕೆಂಪಾಗಿ, ಚರ್ಮ ಬಿರಿದು ನೀರು ಸೋರುತ್ತಿತ್ತು. "ಅಣ್ಣಾ, ಗ್ಲೌಸ್ ಇಲ್ಲದೆ ನಾನು ಗಿಡ ಮುಟ್ಟೋದೇ ಇಲ್ಲ" ಅಂದ. ಆ ಗ್ಲೌಸ್ ತೋರಿಸು ಅಂದೆ. ಸ್ಕೂಟರ್ ಡಿಕ್ಕಿಯಲ್ಲಿ ಒದ್ದೆಯಾಗಿ ಮುದುರಿ ಬಿದ್ದಿತ್ತು. ಕೊಂಡು ಆರು ತಿಂಗಳಾದರೂ ಒಮ್ಮೆಯೂ ತೊಳೆದಿರಲಿಲ್ಲ.

ಚರ್ಮದ ಡಾಕ್ಟರು ಪಾರ್ಥೇನಿಯಂ ಅಲರ್ಜಿ ಅಂದರು. ಅದೇ ನಮ್ಮ ಕಾಂಗ್ರೆಸ್ ಗಿಡ. ಇದನ್ನು ತಿಂದು ಮುಗಿಸಲಿ ಅಂತ ಮೆಕ್ಸಿಕೋ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಲ್ಲೇ ಬಿಟ್ಟಿದ್ದರು. ಜೀರುಂಡೆ ಹರಡಿತು, ಆದರೂ ಗಿಡ ಖಾಲಿ ಸೈಟು ಬಿಟ್ಟು ಹೋಗಿಲ್ಲ! ಇದರ ಎಲೆ, ಕಾಂಡದ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಅನ್ನೋ ವಸ್ತು ಇರುತ್ತದೆ. ಒಮ್ಮೆ ಅಲರ್ಜಿ ಶುರುವಾದರೆ ಆಮೇಲೆ ಸ್ವಲ್ಪ ತಾಕಿದರೂ ಸಾಕು.

ಬಟ್ಟೆಯ ಗ್ಲೌಸ್ ಗಿಡದ ರಸವನ್ನು ಹೀರಿಕೊಳ್ಳುತ್ತದೆ. ಮೇಲೆ ಬೆವರು ಸೇರುತ್ತದೆ. ಮರುದಿನ ಅದನ್ನೇ ಹಾಕಿಕೊಂಡರೆ ನಿನ್ನೆಯ ರಸವನ್ನೇ ಇಡೀ ದಿನ ಕೈಗೆ ಉಜ್ಜಿದ ಹಾಗೆ. ಇಂಥ ಗ್ಲೌಸ್‌ಗಿಂತ ಬರಿಗೈಯಲ್ಲಿ ಕೆಲಸ ಮಾಡಿ ತಕ್ಷಣ ಸೋಪು ಹಾಕಿ ತೊಳೆಯೋದೇ ವಾಸಿ ಅಂತ ನನಗನ್ನಿಸುತ್ತೆ.

ಹೆಚ್ಚಿನವರ ಹತ್ತಿರ ಇರೋದು ಅಂಗೈಗೆ ರಬ್ಬರ್ ಮೆತ್ತಿದ ಹೆಣಿಗೆ ಗ್ಲೌಸ್. ಅದನ್ನು ಕೈಯಲ್ಲಿ ಹಾಕಿಕೊಂಡೇ ನಲ್ಲಿ ಕೆಳಗೆ ಸೋಪು ಹಚ್ಚಿ, ಕೈ ತೊಳೆಯೋ ಥರ ಉಜ್ಜಿ. ಆಮೇಲೆ ತೆಗೆದು, ಒಳಮೈ ಹೊರಗೆ ತಿರುಗಿಸಿ ಇನ್ನೊಮ್ಮೆ ತೊಳೆಯಿರಿ. ಬಹಳ ಜನ ಬಿಡೋದೇ ಈ ಎರಡನೇ ಸಲವನ್ನು. ಬಿಸಿನೀರು, ಬ್ಲೀಚಿಂಗ್ ಪುಡಿ ಬೇಡ, ರಬ್ಬರ್ ಬಿರುಕು ಬಿಡುತ್ತದೆ. ಬೋರ್ ನೀರು ಗಡಸಾಗಿದ್ದರೆ ಸೋಪು ನೊರೆ ಬರಲ್ಲ, ಬಟ್ಟೆಯಲ್ಲೇ ಅಂಟಿ ಉಳಿಯುತ್ತದೆ. ಅಂಥ ಕಡೆ ಎರಡು ಸಲ ಹೆಚ್ಚಿಗೆ ಜಾಲಿಸಿ. ಬೆರಳ ತುದಿಗೆ ಕ್ಲಿಪ್ ಹಾಕಿ, ಬಾಯಿ ಕೆಳಗೆ ಮಾಡಿ ನೆರಳಲ್ಲಿ ನೇತುಹಾಕಿ. ಮಳೆಗಾಲದಲ್ಲಿ ಒಂದು ದಿನಕ್ಕೆ ಒಣಗೋದು ಕಷ್ಟ, ಅದಕ್ಕೇ ಎರಡು ಜೊತೆ ಇಟ್ಟುಕೊಳ್ಳಿ.

ಗುಲಾಬಿ ಕತ್ತರಿಸೋಕೆ ಚರ್ಮದ ಗ್ಲೌಸ್ ಇದ್ದರೆ ನೀರಲ್ಲಿ ನೆನೆಸಬೇಡಿ. ಮಣ್ಣು ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಕಿಕೊಳ್ಳೋ ಮುಂಚೆ ಮುರಿದ ಮುಳ್ಳು ಸಿಕ್ಕಿಕೊಂಡಿದೆಯಾ ನೋಡಿ. ಮಣ್ಣು, ಗೊಬ್ಬರದಲ್ಲಿ ಧನುರ್ವಾಯು ತರೋ ರೋಗಾಣು ಇರುತ್ತದೆ. ಆ ಇಂಜೆಕ್ಷನ್ ಹಾಕಿಸಿ ಹತ್ತು ವರ್ಷ ಆಗಿದ್ದರೆ ಆಸ್ಪತ್ರೆಯಲ್ಲಿ ಕೇಳಿ.

ಇನ್ನು ಔಷಧಿ ಹೊಡೆಯೋ ವಿಷಯ. ಇಲ್ಲಿ ಮಾತ್ರ ಉದಾಸೀನ ಬೇಡ. ಮೇಲೆ ಹೇಳಿದ ಬಟ್ಟೆಯ, ಚರ್ಮದ ಗ್ಲೌಸ್ ಯಾವುದೂ ಸಿಂಪಡಣೆಗೆ ಆಗಲ್ಲ, ವಿಷವನ್ನು ಹೀರಿ ಕೈಗೇ ಕೊಡುತ್ತವೆ. ಒಳಗೆ ಬಟ್ಟೆ ಇಲ್ಲದ, ಉದ್ದ ತೋಳಿನ ನೈಟ್ರೈಲ್ ಗ್ಲೌಸ್ ಬೇಕು. ಡಬ್ಬಿ ಮೇಲಿನ ತ್ರಿಕೋನ ಕೆಂಪಿದ್ದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಲೇಬಲ್ ಅಕ್ಷರ ಸಣ್ಣದು, ಮೊಬೈಲಲ್ಲಿ ಫೋಟೋ ತೆಗೆದು ಝೂಮ್ ಮಾಡಿ ಓದಿ. ಕೈ ಮೇಲೆತ್ತಿ ಮರಕ್ಕೆ ಹೊಡೆಯುವಾಗ ಅಂಗಿ ತೋಳು ಗ್ಲೌಸ್ ಒಳಗಿರಲಿ, ಇಲ್ಲದಿದ್ದರೆ ಔಷಧಿ ಮೊಣಕೈವರೆಗೆ ಇಳಿಯುತ್ತೆ. ಕೆಳಗಿನ ಗಿಡಕ್ಕಾದರೆ ತೋಳು ಗ್ಲೌಸ್ ಮೇಲಿರಲಿ.

ಕೆಲಸ ಮುಗಿದ ಮೇಲೆ ಗ್ಲೌಸ್ ತೆಗೆಯೋ ಮುಂಚೆಯೇ ಸೋಪು ನೀರಲ್ಲಿ ತೊಳೆಯಿರಿ. ಇಲ್ಲಾಂದ್ರೆ ತೆಗೆಯುವಾಗ ಬರಿಗೈಗೆ ವಿಷ ತಾಕುತ್ತೆ, ಅದೇ ಕೈ ತಿಂಡಿ ಡಬ್ಬಿಗೆ ಹೋಗುತ್ತೆ. ಅಡುಗೆಮನೆ ಸಿಂಕಲ್ಲಿ ಬೇಡ, ಮಕ್ಕಳ ಬಟ್ಟೆ ಜೊತೆ ವಾಷಿಂಗ್ ಮೆಷಿನ್‌ಗಂತೂ ಹಾಕಲೇಬೇಡಿ. ತೊಳೆದ ನೀರು ಚರಂಡಿ, ಬಾವಿ, ಕೆರೆಗೆ ಸೇರದ ಹಾಗೆ ನೋಡಿಕೊಳ್ಳಿ. ತೊಳೆದಾದ ಮೇಲೆ ಗ್ಲೌಸ್‌ಗೆ ನೀರು ತುಂಬಿ ಬಾಯಿ ಹಿಡಿದು ಹಿಂಡಿ. ಎಲ್ಲಾದರೂ ಹನಿ ಕಂಡರೆ ಅದರ ಕಥೆ ಮುಗೀತು. ಬೇರೆಯವರು ಎತ್ತಿಕೊಂಡು ಹಾಕಿಕೊಳ್ಳಬಾರದು, ಹಾಗಾಗಿ ಬೆರಳು ಕತ್ತರಿಸಿ ಎಸೆಯಿರಿ.

ನಮ್ಮ ಹುಡುಗನ ಮಣಿಕಟ್ಟು ಮುಲಾಮು ಹಚ್ಚಿದ ಮೇಲೆ ವಾಸಿಯಾಗಿದೆ. ಪಾರ್ಥೇನಿಯಂ ಇರೋ ಸೈಟಿನ ಕೆಲಸ ಮಾತ್ರ ಈಗ ಒಪ್ಪಿಕೊಳ್ಳಲ್ಲ. ಡಿಕ್ಕಿಯಲ್ಲಿದ್ದ ಗ್ಲೌಸ್ ಈಗ ಮನೆ ಹಿತ್ತಲ ತಂತಿ ಮೇಲೆ ತೂಗಾಡುತ್ತಿರುತ್ತದೆ.