ಮೋಟಾರು ಪಂದ್ಯವೂ ಮಿತವ್ಯಯವೂ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವನ್ನು ಹಾಯುವವರಿಗೆ ಅಲ್ಲಿಯ ಕೆಂಪು ಬಾಳೆಯ ಹಣ್ಣಿನ ನೆನಪಾಗದಿರದು. ಅದರ ಬೆಲೆ ಹೆಚ್ಚು. ಬೆಳೆಗೆ ತಗಲುವ ಕಾಲವೂ ಹೆಚ್ಚು. ಆದರೂ ಅದನ್ನು ಬೆಳೆಯುವ ಸಣ್ಣ ರೈತನು, ಅಗ್ಗದ ಬಾಳೆಯನ್ನು ರಾಶಿರಾಶಿಯಾಗಿ ಮಾರುವವರೊಡನೆ ತೂಕದಲ್ಲಿ ಪಂಥಕಟ್ಟದೆ, ತನ್ನ ಹಣ್ಣಿನ ಗುಣವೊಂದನ್ನೇ ನಂಬಿ ಪೇಟೆಯಲ್ಲಿ ನಿಂತಿರುವನು. ಹಣವನ್ನು ನೀರಿನಂತೆ ಚೆಲ್ಲುವ ಮೋಟಾರು ಪಂದ್ಯದಲ್ಲಿಯೂ ಸಣ್ಣವರು ಹೀಗೆ ನಿಲ್ಲಬಲ್ಲರೆ? ನಮ್ಮ ಮನೆಗಳ ಮಕ್ಕಳು ಟೆಲಿವಿಷನ್ನಿನಲ್ಲಿ ಕಣ್ಣರಳಿಸಿ ನೋಡುವ ಫಾರ್ಮುಲಾ ಒನ್ ಪಂದ್ಯದ ಚರಿತ್ರೆಯಲ್ಲಿ ಇದಕ್ಕೆ ಉತ್ತರವುಂಟು.

ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರು 2007ರಲ್ಲಿ ಪಾಲುಗಾರರೊಡನೆ ತಂಡವೊಂದನ್ನು ಕೊಂಡು, ಅದಕ್ಕೆ ‘ಫೋರ್ಸ್ ಇಂಡಿಯಾ’ ಎಂದು ಹೆಸರಿಟ್ಟರು. ಅದರ ಕಾರ್ಖಾನೆಯಿದ್ದುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. ಮುಂದೆ ಅಲ್ಲಿ ದುಡಿಯುವವರ ಸಂಖ್ಯೆ ಸುಮಾರು 400 ಆಯಿತು. ಫೆರಾರಿ, ಮರ್ಸಿಡಿಸ್‌ಗಳಲ್ಲಿ ಇದರ ಎರಡರಷ್ಟಕ್ಕೂ ಮಿಕ್ಕ ಜನರು. ಆದುದರಿಂದ ಈ ತಂಡವು ಎಲ್ಲವನ್ನೂ ತಾನೇ ಮಾಡುವೆನೆಂಬ ಹಟವನ್ನು ಹಿಡಿಯಲಿಲ್ಲ. 2009ರಿಂದ ಮರ್ಸಿಡಿಸ್ ಇಂಜಿನನ್ನೇ ಕೊಂಡಿತು. ಕಾರಿನ ಮೈಮೇಲೆ ಗಾಳಿಯು ಹರಿಯುವ ಬಗೆಯನ್ನು ಪರೀಕ್ಷಿಸುವ ಸುರಂಗವನ್ನು ಹೊಸದಾಗಿ ಕಟ್ಟಿಸದೆ, 2015ರಿಂದ ಜರ್ಮನಿಯಲ್ಲಿದ್ದ ಟೊಯೊಟಾ ಕಂಪೆನಿಯ ಸುರಂಗವನ್ನು ಬಳಸಿಕೊಂಡಿತು. ಹೀಗೆ ಉಳಿದ ಹಣವೂ ಬುದ್ಧಿಯೂ ಕಾರಿನ ವಿನ್ಯಾಸಕ್ಕೆ ಒದಗಿದುವು. 2016 ಮತ್ತು 2017ರಲ್ಲಿ ಈ ತಂಡವು ತನಗಿಂತ ಶ್ರೀಮಂತರಾದ ಹಲವರನ್ನು ಹಿಂದಿಕ್ಕಿ ನಾಲ್ಕನೆಯ ಸ್ಥಾನವನ್ನು ಪಡೆಯಿತು.

ಆದರೆ ಮಿತವ್ಯಯವೊಂದೇ ಸಾಲದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಹಾಸಿಗೆಯೇ ಸಾಲದವರದಾಗಿದ್ದರೆ ಏನು ಗತಿ? 2018ರ ಜುಲೈಯಲ್ಲಿ ಬಾಕಿಗಳ ಹೊರೆಯಿಂದ ತಂಡವು ನ್ಯಾಯಾಲಯವು ನೇಮಿಸಿದ ಆಡಳಿತಗಾರರ ವಶವಾಯಿತು. ಆ 400 ಮನೆಗಳ ಒಲೆಯ ಮಾತು ಆಗ ತೂಗಾಡಿತು. ಹೊಸ ಒಡೆಯರು ಬಂದು ಕೆಲಸಗಳನ್ನುಳಿಸಿದರು; ಆದರೆ ತಂಡವು ಅದುವರೆಗೆ ಗಳಿಸಿದ್ದ 59 ಅಂಕಗಳು ಅಳಿದುವು.

ಪಂದ್ಯದ ಮೇಲಾಳುಗಳೂ ಈಚೆಗೆ ನಿಯಮಗಳನ್ನು ಬಿಗಿಮಾಡಿರುವರು. 2021ರಲ್ಲಿ ತಂಡವೊಂದರ ವಾರ್ಷಿಕ ವೆಚ್ಚಕ್ಕೆ 14.5 ಕೋಟಿ ಡಾಲರುಗಳ ಮಿತಿಯನ್ನು ಗೊತ್ತುಮಾಡಿದರು. ಚಾಲಕರ ಸಂಬಳ ಮೊದಲಾದುವು ಇದರಿಂದ ಹೊರಗು. ಆ ವರ್ಷವೇ ಮಿತಿಮೀರಿದ ರೆಡ್ ಬುಲ್ ತಂಡವು 70 ಲಕ್ಷ ಡಾಲರು ದಂಡ ತೆರಬೇಕಾಯಿತು. ಗೆದ್ದವರಿಗೆ ಗಾಳಿಸುರಂಗದ ಪರೀಕ್ಷೆಗಳು ಕಡಿಮೆ, ಹಿಂದುಳಿದವರಿಗೆ ಹೆಚ್ಚು ಎಂಬ ಕಟ್ಟಳೆಯೂ ಉಂಟು. ಧನಿಕನ ಕೈ ಕಟ್ಟಿದುದಲ್ಲ ಇದು. ಬಡವನಿಗೂ ಕಣದಲ್ಲಿ ಕಾಲೂರಲು ಎಡೆಮಾಡಿದುದು.

ನಮ್ಮ ಸಂಸಾರಗಳಿಗೂ ಇದರಲ್ಲಿ ಪಾಠವಿದೆ. ನೆರೆಮನೆಯವರ ವೈಭವದೊಡನೆ ಸರಿಗಟ್ಟಲೆಳಸದೆ, ನಮಗೊಲಿದ ಒಂದೆರಡು ಗುಣಗಳಲ್ಲಿ ಹಣವನ್ನು ತೊಡಗಿಸೋಣ. ಮತ್ತು ಸಾಲದ ಬಾಗಿಲನ್ನು ಮಾತ್ರ ಭದ್ರವಾಗಿ ಮುಚ್ಚೋಣ. ಕಮಲಾಪುರದ ರೈತನು ಇದನ್ನು ಯಾವ ಪಂದ್ಯವನ್ನೂ ನೋಡದೆಯೇ ಬಲ್ಲನು.